ಪೇಪರ್ ಅಂಗಡಿಯ ನೀಲಕ್ಕ

ಇಲ್ಲ... ನಂಬಲಾಗುತ್ತಿಲ್ಲ.
ನಿನ್ನೆ ಸಂಜೆ ಫೋನಿನಲ್ಲಿ ನನ್ನನ್ನು ಬೈದವರು ಇವತ್ತು ಇಲ್ಲ ಎಂದರೆ ಹೇಗೆ ನಂಬಲಿ?
"ಇನ್ನೂ ರೊಟ್ಟಿ ಬಡಿಯೂದು ಕಲ್ತಿಲ್ಲೇನ ನೀ!" ಎಂದು ನಕ್ಕಿದ್ದರು...

ಬೆಳಿಗ್ಗೆ ಇಲ್ಲೇ ಪಕ್ಕದ ಸ್ಟಾಫರ್ಡ್‌ನಿಂದ ಅವರ ಮಗಳು ಕವಿತಾ ಫೋನ್ ಮಾಡಿದಳು.
ನಿದ್ದೆಯಲ್ಲೇ ಹೋಗಿಬಿಟ್ಟರಂತೆ.

ಇಲ್ಲಿ ಹ್ಯೂಸ್ಟನ್‌ನಲ್ಲಿ ನಿಮಗೆಲ್ಲ ಅವರು ನೀಲಾ ಆಂಟಿ.
ನನಗೆ ಮಾತ್ರ ನೀಲಕ್ಕ.

ತೊಂಬತ್ತೆಂಟರ ಚಳಿಗಾಲ...
ಹ್ಯೂಸ್ಟನ್ ಪಕ್ಕದ ಈ ಕೇಟಿ ಊರಿಗೆ ಬರುವ ಮೊದಲು ನಾವು ಇಂಗ್ಲೆಂಡಿನ ಒಂದು ಪುಟ್ಟ ಊರಿನಲ್ಲಿದ್ದೆವು, ಸಮುದ್ರದ ದಂಡೆಯಲ್ಲಿ. ನನ್ನ ಗಂಡ ಸುರೇಶನಿಗೆ ಅಲ್ಲೊಂದು ಪ್ರಾಜೆಕ್ಟ್. ನಾನು ಡಿಪೆಂಡೆಂಟ್ ವೀಸಾದವಳು, ಬಸುರಿ.
ಐಸ್‌ಕ್ರೀಮ್ ಅಂಗಡಿಗಳೆಲ್ಲ ಶಟರ್ ಇಳಿಸಿಕೊಂಡು ಕೂತಿದ್ದವು. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಹೊಡೆಯುತ್ತಿತ್ತು.
ಮಾತಾಡಲು ಒಬ್ಬರಿಲ್ಲ...

ಒಂದು ಮಧ್ಯಾಹ್ನ ದಂಡೆಯ ಮೇಲೆ ಚಿಪ್ಸ್ ತಿನ್ನುತ್ತಾ ನಡೆಯುತ್ತಿದ್ದೆ. ದೊಡ್ಡದೊಂದು ಕಡಲಹಕ್ಕಿ ಕೈಯಲ್ಲಿದ್ದ ಪೊಟ್ಟಣಕ್ಕೇ ಎರಗಿತು.
"ಅಯ್ಯೋ ಅಮ್ಮಾ!" ಎಂದು ಕಿರುಚಿದೆ.
ಹಿಂದಿನ ಬೆಂಚಿನಿಂದ ದನಿ ಬಂತು:
"ಅಂಜಬ್ಯಾಡ ತಂಗಿ... ಅದಕ್ಕೂ ಹಸಿವಾಗೇತಿ, ಅಷ್ಟ!"

ನೀಲಿ ರೇನ್‌ಕೋಟು, ಹಣೆಯಲ್ಲಿ ವಿಭೂತಿ. ಧಾರವಾಡದ ನೀಲಕ್ಕ!
ಅವರೂ ಅವರ ಯಜಮಾನರು ಬಸಣ್ಣನವರೂ ಆ ಊರಿನ ಮೂಲೆಯಲ್ಲಿ ಪೇಪರ್ ಅಂಗಡಿ ಇಟ್ಟಿದ್ದರು. ಹಾಲು, ಬ್ರೆಡ್ಡು, ಬೇಸಿಗೆಯಲ್ಲಿ ಮಕ್ಕಳಿಗೆ ಮರಳಾಡುವ ಬಕೆಟ್ಟು.
ಊರಿನ ಮುದುಕ ಮುದುಕಿಯರೆಲ್ಲ ಬೆಳಿಗ್ಗೆ ಅಲ್ಲಿಗೇ ಬರುತ್ತಿದ್ದರು. ಬಂದವರೆಲ್ಲ ಮೊದಲು ಮಳೆಯ ಮಾತು, ಗಾಳಿಯ ಮಾತು.
"ಇದೇನಕ್ಕ, ದಿನಾ ಇದೇ ಮಾತಾ?" ಎಂದಿದ್ದೆ.
"ಹುಚ್ಚೀ... ಅವರು ಹವಾ ಸುದ್ದಿ ತಗದ್ರ, ನೀ ಆರಾಮ ಅದೀ ಏನು ಅಂತ ಕೇಳಿಧಂಗ."

ಹೆರಿಗೆ ಹತ್ತಿರ ಬಂತು. ಅಮ್ಮನ ವೀಸಾ ರಿಜೆಕ್ಟ್ ಆಯಿತು.
ಅಂಗಡಿಯ ಕೌಂಟರ್ ಮುಂದೆ ನಿಂತು ಅತ್ತುಬಿಟ್ಟೆ.
ನೀಲಕ್ಕ ಒಂದೇ ಮಾತು ಹೇಳಿದರು. "ನಾ ಅದೀನಲ್ಲ."

ನೀಲಕ್ಕ... ನಿಮಗೆ ನೆನಪಿತ್ತಾ ಅದೆಲ್ಲ?
ಅಂಗಡಿ ಮೇಲಿನ ನಿಮ್ಮ ಮನೆಯಲ್ಲಿ ನನಗೆ ಬಾಣಂತನ ಮಾಡಿದಿರಿ.
ನಿಮ್ಮ ಹಾಸಿಗೆ ನನಗೆ ಬಿಟ್ಟುಕೊಟ್ಟು, ಬಸಣ್ಣನವರನ್ನು ಸೋಫಾಕ್ಕೆ ಕಳಿಸಿದಿರಿ.
ಸಬ್ಬಸಿಗೆ ಸೊಪ್ಪು ಎಲ್ಲೂ ಸಿಗದಿದ್ದಾಗ ಮೀನಿನ ಅಂಗಡಿಗೆ ಹೋದಿರಿ... ನೀವು, ಮೀನಿನ ಅಂಗಡಿಗೆ! ಅಲ್ಲಿ ಮೀನಿನ ಜೊತೆ ಕೊಡುವ ಸಬ್ಬಸಿಗೆ ತಂದು, ತೊಳೆದು, ಮತ್ತೆ ತೊಳೆದು ಪಲ್ಯ ಮಾಡಿದಿರಿ.
ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದ ದಿನ ಸ್ಮೋಕ್ ಅಲಾರ್ಮ್ ಊರಿಗೆಲ್ಲ ಕೇಳುವ ಹಾಗೆ ಹೊಡೆದುಕೊಂಡಿತು. ಪಕ್ಕದ ಮನೆಯ ತಾತ ಬಕೆಟ್ ನೀರು ಹಿಡಿದು ಓಡಿ ಬಂದ. ಅವನನ್ನು ಕೂರಿಸಿ ಚಹಾ ಕೊಟ್ಟು, ಮಗುವನ್ನು ತೊಡೆಯ ಮೇಲೆ ಮಲಗಿಸಿದಿರಿ...
ಮರುದಿನದಿಂದ ಪೇಪರ್ ಕೊಳ್ಳಲು ಬಂದ ಅಜ್ಜಿಯರೆಲ್ಲ ಮೆಟ್ಟಿಲು ಹತ್ತಿ ಬಂದರು. ಮಗುವಿಗೆ ಎಷ್ಟೊಂದು ಸ್ವೆಟರ್!
ನಾನು ಆ ಊರಿನಲ್ಲಿ ಒಂಟಿಯಾಗಿದ್ದೆ ಎನ್ನುವುದೇ ನನಗೆ ಮರೆತುಹೋಯಿತು ಅಕ್ಕ.

ಆಮೇಲೆ ನಾವು ಟೆಕ್ಸಾಸ್‌ಗೆ ಶಿಫ್ಟ್ ಆದೆವು.
ಕೆಲವು ವರ್ಷ ಕಳೆದು ಬಸಣ್ಣನವರು ತೀರಿಕೊಂಡರು. ಅಂಗಡಿ ಮಾರಿ ನೀಲಕ್ಕ ಇಲ್ಲಿ ಸ್ಟಾಫರ್ಡ್‌ನಲ್ಲಿದ್ದ ಮಗಳ ಮನೆಗೆ ಬಂದರು.

ಮೊದಲ ವಾರವೇ ಅವರ ಫೋನ್.
"ಪೊಲೀಸಪ್ಪ ಗಾಡಿ ನಿಲ್ಲಿಸಿ ದಾರಿ ತಪ್ಪೀರೇನು ಅಂದ. ಇಲ್ಲಪ್ಪಾ, ವಾಕಿಂಗ್ ಅಂದೆ. ಎಲ್ಲಿಗೆ ಅಂದ. ಎಲ್ಲಿಗೂ ಇಲ್ಲ ಅಂದ್ರ ಅವಗ ತಿಳೀಲೇ ಇಲ್ಲ ನೋಡ!"
ಇಬ್ಬರೂ ನಕ್ಕೆವು. ಆಮೇಲೆ ಅವರ ದನಿ ಇಳಿಯಿತು.
"ಇಲ್ಲಿ ಎಲ್ಲಾ ಐತಿ ತಂಗಿ... ಮಂದಿ ಕಾಣ್ಸೂದಿಲ್ಲ."

ವೀಕೆಂಡ್ ಗ್ಯಾಲ್ವೆಸ್ಟನ್‌ಗೆ ಕರೆದುಕೊಂಡು ಹೋದೆ. ಸಮುದ್ರ ನೋಡಿ ಸಮಾಧಾನವಾಗಲಿ ಎಂದು.
"ಇದೇನ ನೀರು, ಚಹಾ ಸೋಸಿಧಂಗ ಐತಿ!" ಎಂದರು. ಆದರೂ ಸೀರೆ ಎತ್ತಿಕೊಂಡು ನನ್ನ ಮಗಳ ಕೈ ಹಿಡಿದು ನೀರಿಗಿಳಿದರು.

ವಾಕಿಂಗ್ ಮಾತ್ರ ಬಿಡಲಿಲ್ಲ.
ಮಕ್ಕಳ ಮನೆಗೆಂದು ಬಂದು ಒಳಗೇ ಕೂತಿದ್ದ ಅಪ್ಪ ಅಮ್ಮಂದಿರನ್ನು ಬಾಗಿಲು ತಟ್ಟಿ ಹೊರಗೆ ಎಳೆದರು. ಒಬ್ಬರು ಗುಜರಾತಿ, ಒಬ್ಬರು ತೆಲುಗು, ಒಬ್ಬರು ಮೆಕ್ಸಿಕೋದ ಅಜ್ಜಿ. ಒಬ್ಬರ ಮಾತು ಒಬ್ಬರಿಗೆ ಬಾರದು. "ಹಾಟ್, ವೆರಿ ಹಾಟ್!" ಎಂದೇ ಶುರು ಮಾಡುತ್ತಿದ್ದರಂತೆ ನೀಲಕ್ಕ.

ಇವತ್ತು ಕವಿತಾಳ ಫೋನ್ ಬಂದ ಮೇಲೆ ನನ್ನ ಮಗಳಿಗೆ ಹೇಳಿದೆ.
"ಬಟ್ ಶಿ ಪ್ರಾಮಿಸ್ಡ್ ಟು ಕಮ್ ಸಂಡೇ," ಎಂದಳು.

ಈಗ ಸ್ಟಾಫರ್ಡ್‌ನಲ್ಲಿ ಅವರ ಮನೆಯ ಮುಂದೆ ಕಾರಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಇಳಿಯಲು ಧೈರ್ಯ ಸಾಲುತ್ತಿಲ್ಲ.
ಡ್ರೈವ್‌ವೇಯಲ್ಲಿ ಆ ಹಿರಿಯರೆಲ್ಲ ನಿಂತಿದ್ದಾರೆ. ಎಲ್ಲರ ಕಾಲಲ್ಲೂ ವಾಕಿಂಗ್ ಶೂ. ಒಳಗೆ ಹೋಗಬಹುದೇ ಎಂದು ತಿಳಿಯದೆ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು...
ಮೆಕ್ಸಿಕೋದ ಅಜ್ಜಿ ಗುಜರಾತಿ ಅಜ್ಜಿಯ ಕಣ್ಣು ಒರೆಸುತ್ತಿದ್ದಾರೆ.

ಇಳಿಯುತ್ತೇನೆ. ಅವರನ್ನೆಲ್ಲ ನಾನೇ ಒಳಗೆ ಕರೆದುಕೊಂಡು ಹೋಗುತ್ತೇನೆ ಅಕ್ಕ.

ಹೋಗಿ ಬನ್ನಿ ನೀಲಕ್ಕ...
ನಿಮ್ಮ ಜೀವ ತಂಪಾಗಿರಲಿ. ಬಸಣ್ಣನವರ ಪಕ್ಕ ನೆಮ್ಮದಿಯಾಗಿ ಕೂತಿರಿ. 🙏