ರಾಳಕ್ಕೆ ಅಂಟದ ಕಪ್ಪು ಎಳೆ

ಯಂತ್ರ ಆ ಕಪ್ಪು ಪಟ್ಟಿಯನ್ನು ಬಗ್ಗಿಸಿ ಮುರಿದಾಗ ಒಳಗಿನಿಂದ ಕೂದಲು ಹೊರಬಂತು. ಎಣ್ಣೆ ಹಚ್ಚಿದಂತೆ ಮಿರುಗುವ ಹೆಂಗಸಿನ ಕೂದಲು. ನಾನು ಹಿಂದಕ್ಕೆ ಸರಿದುಬಿಟ್ಟೆ. ಅದು ಇಂಗಾಲದ ಎಳೆ ಎಂದು ನನಗೆ ಗೊತ್ತಿತ್ತು. ಅದರ ಕೆಲಸಕ್ಕೆಂದೇ ತಿಪಟೂರಿನ ಹತ್ತಿರದ ನಮ್ಮೂರು ಹಾಲ್ಕುರಿಕೆ ಬಿಟ್ಟು ಉತ್ತರ ಇಂಗ್ಲೆಂಡಿನ ಈ ಪಟ್ಟಣದ ಪ್ರಯೋಗಾಲಯಕ್ಕೆ ಬಂದಿದ್ದೆ. ಆದರೂ ಆ ದಿನ ಅದನ್ನು ಬರಿಗೈಯಲ್ಲಿ ಮುಟ್ಟಲಾಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಉಕ್ಕಿಗಿಂತ ಹಗುರವಾದ, ಎಳೆದರೆ ಸುಲಭಕ್ಕೆ ಹರಿಯದ ಈ ಎಳೆಗಳನ್ನು ರಾಳದಲ್ಲಿ ಅದ್ದಿ ವಿಮಾನದ ಭಾಗಗಳನ್ನು ಮಾಡುತ್ತಿದ್ದರು. ಆದರೆ ಎಳೆಯ ಮೈ ತೀರಾ ನುಣುಪು. ರಾಳ ಅದಕ್ಕೆ ಅಂಟುತ್ತಿರಲಿಲ್ಲ. ಪರೀಕ್ಷೆಗೆಂದು ಮಾಡಿದ ಪಟ್ಟಿಯನ್ನು ಬಗ್ಗಿಸಿದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿತ್ತು. ಎಳೆಯನ್ನು ಕ್ಷಾರದ ನೀರಿನ ತೊಟ್ಟಿಯಲ್ಲಿ ಹಾಯಿಸಿ, ವಿದ್ಯುತ್ ಹರಿಸಿ, ಅದರ ಮೈಗೆ ಆಮ್ಲಜನಕ ಕೂರಿಸುವುದು ನನ್ನ ಕೆಲಸ. ಆಗ ರಾಳ ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಅಂಟದು, ಹೆಚ್ಚಾದರೆ ಎಳೆಯೇ ಸವೆದುಹೋಗುತ್ತದೆ.

ಕೆಲಸಕ್ಕಿಂತ ಊರನ್ನು ಕಲಿಯುವುದು ಕಷ್ಟವಾಯಿತು. ಮನೆಯೊಡತಿ ‘ಟೀಗೆ ಬಾ’ ಎಂದಾಗ ನಾನು ಊಟ ಮುಗಿಸಿಕೊಂಡು ಹೋದೆ. ಇಲ್ಲಿ ಟೀ ಎಂದರೆ ಸಂಜೆಯ ಊಟವಂತೆ. ಬೇಯಿಸಿದ ಆಲೂಗಡ್ಡೆಯನ್ನು ಕಷ್ಟಪಟ್ಟು ನುಂಗಿದೆ. ಅಂಗಡಿಯಲ್ಲಿ ಕೊಬ್ಬರಿ ಪುಡಿ ಸಿಕ್ಕಿತೆಂದು ಕುಣಿದು ತಂದೆ. ಸಕ್ಕರೆ ಬೆರೆಸಿದ್ದರು. ನಮ್ಮಲ್ಲಿ ಅಟ್ಟದ ತುಂಬ ತೆಂಗಿನಕಾಯಿ ಒಣಗುತ್ತಿದ್ದರೆ ಮನೆಯೆಲ್ಲ ಎಣ್ಣೆಯ ಘಮ. ಇಲ್ಲಿ ನನ್ನ ಕೋಣೆಗೆ ಒದ್ದೆ ಗೋಡೆಯ ವಾಸನೆ.

ಬಂದ ವರ್ಷವೇ ಊರಿನಿಂದ ತಂತಿ ಬಂತು. ತೋಟದಲ್ಲಿ ತೆಂಗಿನ ಗರಿ ಎಳೆಯುವಾಗ ನನ್ನ ಅಕ್ಕ ಗಂಗಕ್ಕನಿಗೆ ಹಾವು ಕಚ್ಚಿತ್ತು. ನನ್ನ ಕೈಗೆ ಸುದ್ದಿ ಸಿಗುವ ಹೊತ್ತಿಗೆ ಮಣ್ಣು ಮಾಡಿಯೂ ಆಗಿತ್ತು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಈ ಅಕ್ಕ.

ಆಮೇಲೆ ಶುರುವಾಯಿತು. ಮುರಿದ ಪಟ್ಟಿಯೊಳಗೆ ಕೂದಲು ಕಂಡು ನಾನು ಹಿಂದೆ ಸರಿದದ್ದೂ ಆಗಲೇ. ತೊಟ್ಟಿಯಿಂದ ಎದ್ದ ಎಳೆಗಳನ್ನು ನೀರಿನಲ್ಲಿ ತೊಳೆಯುತ್ತ ನಿಂತರೆ ಬೆನ್ನ ಹಿಂದೆ ಅವಳ ದನಿ: “ಶಾರೀ, ಬಾರೇ, ತಲೆ ಬಾಚ್ತೀನಿ.” ತಿರುಗಿದರೆ ಯಾರೂ ಇಲ್ಲ. ತಿರುಗಿದ ರಭಸಕ್ಕೆ ಕೈಯಲ್ಲಿದ್ದ ಎಳೆ ಸಿಕ್ಕಾಗುತ್ತಿತ್ತು. ಅದರಿಂದ ಮಾಡಿದ ಪಟ್ಟಿಗಳು ಒಂದರ ಹಿಂದೆ ಒಂದು ಸೀಳಿಹೋದವು. ಹೀಗೇ ಆದರೆ ಕೆಲಸ ಹೋಗುತ್ತದೆ ಎಂಬ ಭಯ ಹಿಡಿಯಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಲೀನಾ, ಯುದ್ಧಕಾಲದಲ್ಲಿ ಪೋಲೆಂಡಿನಿಂದ ಓಡಿಬಂದು ಇಲ್ಲೇ ಉಳಿದವಳು. ನಾನು ಮತ್ತೆ ಮತ್ತೆ ತಿರುಗಿ ನೋಡುವುದನ್ನು ಕಂಡು ಒಂದು ಮಧ್ಯಾಹ್ನ ನೇರವಾಗಿ ಕೇಳಿದಳು:

“ಯಾರು ಕರೆಯುತ್ತಾರೆ ನಿನ್ನ?”

“ಅಕ್ಕ. ಸತ್ತುಹೋದಳು.”

“ನನ್ನನ್ನು ಅಮ್ಮ ಕರೆಯುತ್ತಾಳೆ. ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಓಗೊಡುತ್ತೇನೆ. ನೀನೂ ಓಗೊಡು, ಆದರೆ ನಿನ್ನ ಭಾಷೆಯಲ್ಲೇ. ಇಂಗ್ಲಿಷು ಅವರಿಗೆ ತಿಳಿಯುವುದಿಲ್ಲ.”

ಮರುದಿನ ದನಿ ಬಂದಾಗ ನಾನು ತಿರುಗಲಿಲ್ಲ. “ಬತ್ತೀನಿ ಕಣಕ್ಕ. ಈ ಕೆಲ್ಸ ಮುಗುಸ್ಬುಟ್ಟು ಬತ್ತೀನಿ, ಕುಂತಿರು” ಅಂದೆ. ಪ್ರಯೋಗಾಲಯದಲ್ಲಿ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು. ಆದರೆ ಎಳೆ ಸಿಕ್ಕಾಗಲಿಲ್ಲ.

ಕೆಲವು ವಾರಗಳ ನಂತರ ಒಂದು ಪಟ್ಟಿಯನ್ನು ಯಂತ್ರಕ್ಕಿಟ್ಟೆವು. ಭಾರ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ಕೊನೆಗೆ ‘ಟಪ್’ ಎಂದು ಒಂದೇ ಏಟಿಗೆ ಮುರಿಯಿತು. ಪದರ ಬಿಟ್ಟಿರಲಿಲ್ಲ, ಎಳೆ ಕಿತ್ತು ಬಂದಿರಲಿಲ್ಲ. ರಾಳ ಕೊನೆಗೂ ಕಚ್ಚಿಕೊಂಡಿತ್ತು. ಹಲೀನಾ ನನ್ನನ್ನು ತಬ್ಬಿಕೊಂಡಳು.

ರಜೆ ಸಿಕ್ಕಿದಾಗ ಊರಿಗೆ ಹೋದೆ. ತೋಟದ ಅಂಚಿನಲ್ಲಿ ಅಕ್ಕನನ್ನು ಮಣ್ಣು ಮಾಡಿದ ಜಾಗದಲ್ಲಿ ಹೊತ್ತಿಳಿಯುವವರೆಗೂ ಕೂತೆ. ಗರಿಗಳ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅಕ್ಕನ ಮಗಳು ನಾಗು ಹುಡುಕಿಕೊಂಡು ಬಂದಳು.

“ನಿಮ್ಮವ್ವನ ದನಿ ನಿಂಗೆ ಕೇಳುಸ್ತದೇನೇ?” ಅಂದೆ.

“ಇಲ್ಲ ಕಣ್ ಚಿಕ್ಕವ್ವ. ಒಂದ್ ದಿನಾನೂ ಕರೀಲಿಲ್ಲ.” ನಾಗು ಪಕ್ಕದಲ್ಲೇ ಕೂತಳು. “ನೀನು ಬಂದ್ಬುಡು ಊರ್ಗೆ. ತಿಪಟೂರ್ ಕಾಲೇಜ್ನಾಗೆ ಪಾಠ ಹೇಳ್ಕೊಂಡು ನಮ್ ಜೊತೆ ಇರು. ಅಲ್ಯಾರವ್ರೆ ನಿಂಗೆ?”

ನಾನು ಅವಳ ಕೈ ಹಿಡಿದುಕೊಂಡೆ. ನಿನ್ನ ಅವ್ವನನ್ನು ಆ ಚಳಿಯ ಊರಿನಲ್ಲಿ ಒಬ್ಬಳನ್ನೇ ಬಿಟ್ಟು ಹೇಗೆ ಬರಲಿ ಎಂದು ಆ ಮಗಳಿಗೆ ಹೇಳಲು ಬಾಯಿ ಬರಲಿಲ್ಲ.