ಬಿಳಿ ಕಲ್ಲುಗಳ ನಡುವಿನ ವ್ಯಾನು

ಚಿನ್ನದ ಗಣಿಯ ಊರಾದ ಉರಿಗಾಂ ಕಡೆಯ ಒಂದು ಆಸ್ಪತ್ರೆಯ ಮುಂದೆ, ರಸ್ತೆಯ ಅಂಚಿಗೆ, ಸುಣ್ಣ ಬಳಿದ ಎಂಟು ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಆ ಕಲ್ಲುಗಳ ನಡುವೆ ಯಾವ ಗಾಡಿಯೂ ನಿಲ್ಲಕೂಡದು. ಜಟಕಾ ನಿಂತರೆ ಪುರಸಭೆಯ ಜವಾನನು ಬಂದು ಗಾಡಿ ಹೊಡೆಯುವ ಸಾಹೇಬನನ್ನು ಬಿಟ್ಟು ಕುದುರೆಯನ್ನು ಬೈಯುತ್ತಿದ್ದನು. ಡಾಕ್ಟರ ಕಾರು ಕೂಡ ಒಳಗಿನ ಬೇವಿನ ಮರದ ಕೆಳಗೆ ಹೋಗಬೇಕಾಗಿತ್ತು. ಅಲ್ಲಿ ನಿಲ್ಲುವ ಹಕ್ಕು ಇದ್ದದ್ದು ಒಂದೇ ಗಾಡಿಗೆ, ಬಡಗಿ ಕೆಂಪಣ್ಣನ ಹಸಿರು ವ್ಯಾನಿಗೆ. ಕೆಲಸದ ಗಾಡಿಯೆಂದು ಪುರಸಭೆ ಕೊಟ್ಟ ಹಳದಿ ಪರ್ಮಿಟ್ಟನ್ನು ಅವನು ಮುಂಗಾಜಿನ ಒಳಗೆ ಅಂಟಿಸಿದ್ದನು. ಪ್ರತಿ ವರ್ಷ ಮಾರ್ಚಿ ತಿಂಗಳ ಕೊನೆಯಲ್ಲಿ ಅದನ್ನು ಹೊಸದು ಮಾಡಿಸಬೇಕು. ಪರ್ಮಿಟ್ಟಿಲ್ಲದವನಿಗೆ ಆಸ್ಪತ್ರೆಯ ಕೆಲಸವಿಲ್ಲ.

ಕೆಂಪಣ್ಣ ಬೇತಮಂಗಲದ ಹತ್ತಿರದ ಹಳ್ಳಿಯವನು. ಅಣ್ಣನಿಗೆ ಹೊಲ ಬಿಟ್ಟು, ತಾನು ಉಳಿ ಬಾಚಿ ಹಿಡಿದು ಬಂದವನು. ಆಸ್ಪತ್ರೆಯ ಮಂಚಗಳ ಕಾಲು, ಕಿಟಕಿಯ ಕದ, ಔಷಧದ ಬೀರು, ಎಲ್ಲವೂ ಅವನ ಕೈಯಿಂದಲೇ ದುರಸ್ತಿಯಾಗುತ್ತಿದ್ದವು. ತೀರಿಹೋದವರಿಗೆ ಪೆಟ್ಟಿಗೆ ಮಾಡಿಕೊಡುವವನೂ ಅವನೇ. ಹತ್ತು ಸಲ ಮಂಚದ ಕಾಲಿಗೆಂದು ಬಂದರೆ ಒಂದು ಸಲ ಪೆಟ್ಟಿಗೆ ತರುತ್ತಿದ್ದನು. ಆದರೆ ಜನರ ಬಾಯಲ್ಲಿ ಅದು ‘ಪೆಟ್ಟಿಗೆ ವ್ಯಾನು’ ಎಂದೇ ಉಳಿಯಿತು.

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳಲ್ಲಿ ತಟ್ಟೆ ಲೋಟಗಳು ಅದುರುತ್ತಿದ್ದವು. ಆಗ ಕಾರ್ಮಿಕರ ಲೈನ್ ಮನೆಗಳಿಂದ ಹೆಂಗಸರು ಆಸ್ಪತ್ರೆಯ ಕಡೆಗೆ ನಡೆದು ಬರುತ್ತಿದ್ದರು. ಓಡುತ್ತಿರಲಿಲ್ಲ. ಓಡಿದರೆ ಕೆಟ್ಟದ್ದನ್ನು ಕರೆದಂತೆ ಎಂದು ಅವರ ನಂಬಿಕೆ. ಗೇಟಿನವನನ್ನು ಅವರು ಕೇಳುತ್ತಲೂ ಇರಲಿಲ್ಲ. ಕಾಗದಪತ್ರ ಮುಗಿಯುವವರೆಗೆ ಹೆಸರು ಹೊರಗೆ ಬಾರದೆಂದು ಎಲ್ಲರಿಗೂ ಗೊತ್ತಿತ್ತು. ಅವರು ಬಿಳಿ ಕಲ್ಲುಗಳ ನಡುವೆ ನೋಡುತ್ತಿದ್ದರು. ಜಾಗ ಖಾಲಿಯಿದ್ದರೆ ತಿರುಗಿ ಮನೆಗೆ ಹೋಗುವುದು. ಹಸಿರು ವ್ಯಾನು ನಿಂತಿದ್ದರೆ ಅಲ್ಲಿಯೇ ನೆಲದ ಮೇಲೆ ಕೂರುವುದು.

ಎಪ್ಪತ್ತೇಳನೆಯ ಇಸವಿಯ ಒಂದು ಸೋಮವಾರ ಕನಕಮ್ಮ ಎಂಬಾಕೆ ಬಂದಳು. ಗಣಿಯೊಳಗೆ ಹಳಿ ಜೋಡಿಸುವ ಅವಳ ಗಂಡ ಕುಪ್ಪುಸ್ವಾಮಿಗೆ ಪೆಟ್ಟಾಗಿದೆಯೆಂದು ಯಾರೋ ಹೇಳಿದ್ದರು. ಕೆಂಪಣ್ಣ ಆ ಹೊತ್ತಿಗೆ ಒಳಗೆ ಕಿಟಕಿಗೆ ತಿರುಪು ಹಾಕುತ್ತಿದ್ದನು. ವ್ಯಾನು ಕಲ್ಲುಗಳ ನಡುವೆ ನಿಂತಿತ್ತು. ಕನಕಮ್ಮ ಅದನ್ನು ಕಂಡವಳೇ ಕುಳಿತು, ಯಾರನ್ನೂ ಏನನ್ನೂ ಕೇಳದೆ, ಎರಡು ಕೈಯ ಬಳೆಗಳನ್ನೂ ನೆಲಕ್ಕೆ ಬಡಿದು ಒಡೆದುಕೊಂಡಳು. ಸ್ವಲ್ಪ ಹೊತ್ತಿಗೆ ಕುಪ್ಪುಸ್ವಾಮಿ ಎರಡು ಬೆರಳಿಗೆ ಪಟ್ಟಿ ಸುತ್ತಿಸಿಕೊಂಡು ಹೊರಗೆ ಬಂದನು. ಹೆಂಡತಿಯ ಬರಿಗೈಯನ್ನೂ ಮಣ್ಣಿನಲ್ಲಿ ಬಿದ್ದ ಗಾಜನ್ನೂ ನೋಡಿದನು.

“ಏನಮ್ಮೇ, ಇಷ್ಟು ಅವಸರವಾ ನಿಂಗೆ?” ಎಂದನು.

ಸುತ್ತ ನಿಂತವರು ನಕ್ಕರು. ಅವನು ನಗಲಿಲ್ಲ. ಒಂದು ವಾರ ಅವನು ಗಣಿಗೆ ಇಳಿಯಲಿಲ್ಲವೆಂದೂ, ಅವನ ಮುಂದೆ ತಟ್ಟೆ ಇಡುವಾಗ ಕನಕಮ್ಮ ಮುಖ ತಿರುಗಿಸಿಕೊಳ್ಳುತ್ತಾಳೆಂದೂ ಕೆಂಪಣ್ಣನ ಕಿವಿಗೆ ಬಿತ್ತು.

ಅಂದಿನಿಂದ ಕೆಂಪಣ್ಣ ಕಲ್ಲುಗಳ ನಡುವೆ ವ್ಯಾನು ನಿಲ್ಲಿಸುವುದನ್ನು ಬಿಟ್ಟನು. ಬಜಾರಿನ ಹಿಂದಿನ ಸಂದಿಯಲ್ಲಿ ನಿಲ್ಲಿಸಿ, ಸಾಮಾನುಗಳನ್ನು ಕೈಗಾಡಿಯಲ್ಲಿಟ್ಟು, ಮೇಲೆ ಗೋಣಿತಾಟು ಹೊದಿಸಿ, ಆಸ್ಪತ್ರೆಯ ಹಿತ್ತಲ ಬಾಗಿಲಿನಿಂದ ಒಳಗೆ ತಳ್ಳಿಕೊಂಡು ಹೋಗುವನು. ಹೆಂಡತಿ ಅಂಜನಮ್ಮ ಇದು ಒಳ್ಳೆಯದಾಯಿತೆಂದಳು. ಅವನಿಗೂ ಹಾಗೆಯೇ ತೋರಿತು. ಹೆಂಗಸರು ಬರುತ್ತಿದ್ದರು, ಖಾಲಿ ಜಾಗ ನೋಡುತ್ತಿದ್ದರು, ಸೆರಗಿನಿಂದ ಮುಖ ಒರೆಸಿಕೊಂಡು ಹಿಂದಿರುಗುತ್ತಿದ್ದರು.

ಮರು ವರ್ಷ ಮಾರ್ಚಿಯ ಮೊದಲ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ನೆಲ ಅದುರಿತು. ಕೆಂಪಣ್ಣನಿಗೆ ಕರೆ ಬಂತು. ಅಳತೆಗೆಂದು ಒಳಗೆ ಹೋದಾಗ ಹೆಸರು ಹೇಳಿದರು. ಮುನಿಶಾಮಿ. ಗಣಿಯೊಳಗೆ ಮರದ ಆಧಾರ ಕಟ್ಟುವವನು, ಉಳಿ ಸಾಣೆಗೆಂದು ಅಂಗಡಿಗೆ ಬಂದು ಹರಟುವವನು. “ನನ್ನದು ಮಾಡುವಾಗ ಒಂದು ಗೇಣು ಜಾಸ್ತಿ ಇಕ್ಕಪ್ಪಾ, ಕಾಲು ಮಡಿಸಿ ಮಲಗಿ ಗೊತ್ತಿಲ್ಲ ನಂಗೆ” ಎಂದು ತಮಾಷೆ ಮಾಡುತ್ತಿದ್ದವನು.

ಮಧ್ಯಾಹ್ನ ಕೆಂಪಣ್ಣ ಗೋಣಿತಾಟು ಹೊದಿಸಿದ ಕೈಗಾಡಿಯನ್ನು ತಳ್ಳಿಕೊಂಡು ಸಂದಿಯ ತಿರುವಿಗೆ ಬಂದನು. ಅಲ್ಲಿ ಮುನಿಶಾಮಿಯ ಹೆಂಡತಿ ಮಾರಿಯಮ್ಮ ಹೂವಿನವಳ ಮುಂದೆ ನಿಂತಿದ್ದಳು. ಆಸ್ಪತ್ರೆಯ ಮುಂದೆ ಜಾಗ ಖಾಲಿಯಿದ್ದುದನ್ನು ನೋಡಿಕೊಂಡು ಬಂದಿದ್ದಳು. ಹೂವಿನವಳು ಏನೋ ಅಂದಳು, ಮಾರಿಯಮ್ಮ ಜೋರಾಗಿ ನಕ್ಕಳು, ಕನಕಾಂಬರವನ್ನು ಮುಡಿದುಕೊಂಡಳು. ಕೆಂಪಣ್ಣನ ಕೈಗಾಡಿ ಒಂದು ಕ್ಷಣ ನಿಂತಿತು. ಅವನು ತಲೆ ತಗ್ಗಿಸಿ ಅದನ್ನು ಅವಳ ಬೆನ್ನ ಹಿಂದಿನಿಂದಲೇ ತಳ್ಳಿಕೊಂಡು ಹೋದನು.

ಆ ನಗೆ ಅವನನ್ನು ಬಿಡಲಿಲ್ಲ. ಕೀಸುಳಿ ಎಳೆದರೆ ಮರದೊಳಗಿನಿಂದ ಕೇಳುತ್ತಿತ್ತು. ವ್ಯಾನಿನ ಬಾಗಿಲು ತೆಗೆದರೆ ಒಳಗೆ ಆಗತಾನೆ ಯಾರೋ ನಕ್ಕು ಸುಮ್ಮನಾದಂತಿರುತ್ತಿತ್ತು. ಪರ್ಮಿಟ್ಟನ್ನು ಹಿಂದಕ್ಕೆ ಕೊಟ್ಟು, ಆಸ್ಪತ್ರೆಯ ಕೆಲಸ ಬಿಟ್ಟು, ಹಳ್ಳಿಗೆ ಹೋಗಿ ಅಣ್ಣನ ಜೊತೆ ಹೊಲ ಮಾಡಿಕೊಂಡಿರುವುದೆಂದು ನಿಶ್ಚಯಿಸಿದನು. ಅಂಜನಮ್ಮ ಪಾತ್ರೆಗಳನ್ನು ಮೂಟೆ ಕಟ್ಟಲು ಆರಂಭಿಸಿದಳು.

ಮಾರ್ಚಿಯ ಕೊನೆಯ ವಾರ ಮಾರಿಯಮ್ಮ ಅಂಗಡಿಗೆ ಬಂದಳು. ಕೂರೆಂದರೆ ಕೂರಲಿಲ್ಲ. ಬಲಗೈಯನ್ನು ಅವನ ಮುಖದ ಹತ್ತಿರಕ್ಕೆ ಚಾಚಿದಳು.

“ಮೂಸಿ ನೋಡಣ್ಣಾ. ಕರುವಾಡು ಒಣಮೀನಿನ ವಾಸನೆ ಇನ್ನೂ ಓಗಿಲ್ಲ.”

ಕೆಂಪಣ್ಣ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟನು.

“ಖಾಲಿ ಜಾಗ ನೋಡ್ಕೊಂಡು ಮನೆಗೋಗಿ ಕರುವಾಡು ಸಾರು ಮಾಡ್ದೆ. ಉಂಡೆ. ತಲೇಲಿ ಹೂವ. ಅವ್ನು ಅಲ್ಲಿ ಮಲಗವ್ನೆ, ನಾನು ಇಲ್ಲಿ ಬೆರಳು ನೆಕ್ಕೊಂಡು ಉಣ್ತಾ ಇವ್ನಿ. ಕರೆಯಕ್ಕೆ ಬಂದಾಗ ಕೈ ಕೂಡ ತೊಳ್ದಿರ್ಲಿಲ್ಲ.”

“ನೀವು ಎದರ್ಕೊಬಾರ್ದು ಅಂತ ನಿಲ್ಲಿಸ್ಲಿಲ್ಲ ಕಣಮ್ಮಾ” ಎಂದನು ಕೆಂಪಣ್ಣ.

“ಎದರ್ಕೊಳ್ಳೋದು ನಮ್ಮ ಪಾಡು. ಅದನ್ನ ನೀನ್ಯಾಕಣ್ಣಾ ಕಿತ್ಕೊಂಡೆ?”

ಅವನು ಆಗ ಎಲ್ಲವನ್ನೂ ಹೇಳಿಬಿಟ್ಟನು. ತಿರುವಿನಲ್ಲಿ ಅವಳನ್ನು ಕಂಡದ್ದು, ಹೆಸರು ಗೊತ್ತಿದ್ದೂ ಬಾಯಿ ಬಿಡದೆ ಹೋದದ್ದು. ಮಾರಿಯಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೈಯಲಿಲ್ಲ. ಇನ್ನು ಮುಂದೆ ಯಾವಳಿಗೂ ಹಾಗೆ ಮಾಡಬೇಡವೆಂದು ಹೇಳಿ, ನೆಲದಲ್ಲಿ ಬಿದ್ದಿದ್ದ ಮರದ ಚಕ್ಕೆಗಳನ್ನು ಒಲೆಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮರುದಿನ ಕೆಂಪಣ್ಣ ಪುರಸಭೆಗೆ ಹೋದನು. ಗುಮಾಸ್ತ ವಿಶ್ವನಾಥ್ ಹಳೆಯ ಪರ್ಮಿಟ್ಟನ್ನು ತಿರುಗಿಸಿ ನೋಡಿ, ವರ್ಷದಿಂದ ಆ ಜಾಗದಲ್ಲಿ ಬೀಡಾಡಿ ದನ ಮಲಗುತ್ತಿದೆಯೆಂದು ಜವಾನ ಹೇಳಿದ್ದಾನಲ್ಲ ಎಂದನು.

“ದನದ ಹೆಸರಿಗೇ ಬರೆದುಕೊಡಲೇನಯ್ಯಾ? ಅದಾದರೂ ಸರಿಯಾಗಿ ನಿಲ್ಲುತ್ತದೆ.”

“ನನ್ನೆಸರಿಗೇ ಬರೀರಿ ಸ್ವಾಮಿ. ಇನ್ಮೇಲೆ ಅಲ್ಲೇ ನಿಲ್ತೀನಿ” ಎಂದನು ಕೆಂಪಣ್ಣ.

ಅಂಜನಮ್ಮ ಮೂಟೆ ಬಿಚ್ಚಿದಳು.

ಅಂದಿನಿಂದ ಅವನು ಒಂದು ಕ್ರಮ ಇಟ್ಟುಕೊಂಡನು. ದುರಸ್ತಿಗೆ ಬಂದ ದಿನ ವ್ಯಾನಿನ ಹಿಂಬಾಗಿಲು ಎರಡನ್ನೂ ಅಗಲವಾಗಿ ತೆರೆದು ಹಗ್ಗದಿಂದ ಕಟ್ಟುವನು. ಒಳಗಿನ ಮಂಚದ ಕಾಲು, ಹಲಗೆ, ಅಂಟಿನ ಡಬ್ಬ ದಾರಿಯವರಿಗೆಲ್ಲ ಕಾಣಬೇಕು. ಪೆಟ್ಟಿಗೆಯ ದಿನ ಬಾಗಿಲು ಮುಚ್ಚಿರುತ್ತದೆ, ಅದರ ಮುಂದೆ ತಾನೇ ನಿಂತಿರುತ್ತಾನೆ. ಹೆಸರನ್ನು ಮನೆಯವರಿಗೆ ಹೇಳಲು ಡಾಕ್ಟರ ಒಪ್ಪಿಗೆಯನ್ನೂ ಕೇಳಿ ಪಡೆದನು.

ಆಗಸ್ಟಿನಲ್ಲಿ ಬಾಗಿಲು ಮುಚ್ಚುವ ದಿನ ಬಂತು. ಏಳೆಂಟು ಹೆಂಗಸರು ನಡೆದು ಬಂದರು, ವ್ಯಾನು ಕಂಡು ನಿಂತರು. ಮೊದಲು ಮುದುಕಿ ಮಂಗಮ್ಮ ಮುಂದೆ ಬಂದು, ಯಾರಪ್ಪಾ ಎಂದು ಕೇಳಿದಳು.

“ನಿನ್ ಮಗ ಅಲ್ಲಮ್ಮಾ. ಮನೆಗೋಗು” ಎಂದನು.

ಒಬ್ಬೊಬ್ಬರಾಗಿ ಬಂದು ಕೇಳಿದರು. ಒಬ್ಬೊಬ್ಬರಿಗೂ ಅವನು ಅದೇ ಮಾತು ಹೇಳಿದನು. ಅವರು ದೂರ ಹೋಗಿ, ಮನೆಗೆ ಹೋಗದೆ, ಗುಂಪಾಗಿ ನಿಂತು ನೋಡತೊಡಗಿದರು. ಕೊನೆಗೆ ಉಳಿದವಳು ಒಬ್ಬಳೇ, ಆ ವರ್ಷ ಮದುವೆಯಾಗಿ ಬಂದ ಹುಡುಗಿ. ಅವಳು ಮುಂದೆ ಬರಲಿಲ್ಲ, ಕೇಳಲೂ ಇಲ್ಲ. ಕೆಂಪಣ್ಣ ಟವಲನ್ನು ಹೆಗಲಿನಿಂದ ಇಳಿಸಿ ತಾನೇ ಅವಳ ಬಳಿಗೆ ನಡೆದು ಹೋದನು.

ಹೀಗೆ ಹದಿಮೂರು ವರ್ಷ ಅವನು ಆ ಜಾಗದಲ್ಲಿ ನಿಂತನು. ತೊಂಬತ್ತೊಂದರಲ್ಲಿ ವ್ಯಾನು ಕೆಟ್ಟು ಕುಳಿತಿತು, ಅವನ ಸೊಂಟವೂ ಹಿಡಿದುಕೊಂಡಿತು. ಹಳ್ಳಿಗೆ ಹಿಂದಿರುಗಿ ಅಣ್ಣನ ಮನೆಯ ಪಕ್ಕದಲ್ಲಿ ಎರಡು ಹಸು ಕಟ್ಟಿಕೊಂಡನು. ದಿನವೂ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಬೇತಮಂಗಲದ ಕೆರೆಯ ಏರಿಯ ಮೇಲೆ ನಡೆಯುವನು. ಎದುರಿಗೆ ಹೆಂಗಸರ ಗುಂಪು ಬಂದರೆ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ಕ್ಯಾನು ಕೆಳಗಿಟ್ಟು, ಟವಲು ಇಳಿಸಿ, ಅವರು ಯಾರಪ್ಪಾ ಎಂದು ಕೇಳುವುದನ್ನು ಕಾಯುವನು. ಅವರು ಬಸ್ಸಿಗೆ ಹೊರಟವರು, ಹುಲ್ಲಿಗೆ ಹೊರಟವರು. ತಮ್ಮ ಮಾತಿನಲ್ಲೇ ದಾಟಿ ಹೋಗುತ್ತಿದ್ದರು.