ಸೋರಿಕೆಯ ಮಾಸ್ತರರು

ಪೆಟ್ರೋಲ್ ಬಂಕಿನ ಕೆಲಸಗಾರರಿಗೆ ಸೋರಿಕೆಯ ಪಾಠ ಹೇಳುವ ಮೈಲಾರಲಿಂಗಪ್ಪನವರು ಬೀಗರ ಮನೆಗೆ ಹೋದರೂ ಮೊದಲು ನೆಲ ಮೂಸಿ, ಆಮೇಲೆ ಚಹಾ ಕುಡಿಯುವವರು. "ನೆಲದಾಗಿನ ಟ್ಯಾಂಕು ಸೋರಿದ್ರ ಕಣ್ಣಿಗೆ ಕಾಣೂದಿಲ್ರಿ, ದಿನಾ ಅಳತಿಗೋಲು ಇಳಸ್ರಿ," ಎಂದು ನಿದ್ದೆಯಲ್ಲೂ ಬಡಬಡಿಸುತ್ತಾರೆ. ಹುಬ್ಬಳ್ಳಿ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ಬಂಕಿನಲ್ಲಿ ಅವರ ಪಾಠಕ್ಕೆ ಎಲ್ಲರಿಗಿಂತ ದೊಡ್ಡದಾಗಿ ಆಕಳಿಸುತ್ತಿದ್ದವಳು ಪಂಪಿನ ಕೆಲಸದ ದೇವಕ್ಕ. ಮೊನ್ನೆ ಬೆಳಿಗ್ಗೆ ಅವಳದೇ ಫೋನು: "ಸರ್, ರಾತ್ರಿ ಬಂಕು ಬಂದ್ ಇದ್ರೂ ಟ್ಯಾಂಕಿನ್ಯಾಗ ಡೀಸೆಲ್ಲು ನಾಕು ಬೆರಳು ಇಳದೈತ್ರಿ. ಮಾಲಕರು ಬೈದ್ರೂ ಪಂಪು ಚಾಲೂ ಮಾಡಿಲ್ರಿ. ಹಿಂದಿನ ಓಣ್ಯಾಗ ಬಾವಿ ನೀರು ಮುಟ್ಟಬ್ಯಾಡ್ರಿ ಅಂತ ಹೇಳಿ ಬಂದೇನ್ರಿ." ಹುಬ್ಬಳ್ಳಿಯಿಂದ ಅವರು ತಲುಪುವಷ್ಟರಲ್ಲಿ ಉಳಿದ ಡೀಸೆಲ್ಲನ್ನು ಲಾರಿಗೆ ತುಂಬಿಸಿ ಟ್ಯಾಂಕು ಬರಿದು ಮಾಡಿದ್ದರು, ಬಾವಿ ಉಳಿದಿತ್ತು, ದೇವಕ್ಕ ಮಾಲಕರನ್ನೇ ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದಳು. ಮೈಲಾರಲಿಂಗಪ್ಪನವರ ಎದೆ ಉಬ್ಬಿತು. ಸದ್ದಿಲ್ಲದೆ ಹೋಗಿ ಮಾಲಕರ ಪಕ್ಕದಲ್ಲಿ ಕೈಕಟ್ಟಿ ನಿಂತರು.